ಸುಣ್ಣ ಒಗ್ಗದ ಗೋಡೆ

ಶಿವರುದ್ರಮ್ಮನಿಗೆ ಕಾಡೆಂದರೆ ಮೊದಲಿನಿಂದಲೂ ಭಯ. ಆಕೆ ಹುಟ್ಟಿ ಬೆಳೆದದ್ದು ಉಡಿಗಾಲದಲ್ಲಿ. ಅಲ್ಲಿ ಎತ್ತ ನೋಡಿದರೂ ಹೊಲ, ಆ ಹೊಲದ ಆಚೆ ಇನ್ನೊಬ್ಬರ ಹೊಲ. ಮದುವೆಯಾದ ಹತ್ತನೆಯ ವರ್ಷಕ್ಕೆ ಗಂಡ ಶಾಂತಮಲ್ಲಪ್ಪನವರು ಹಂಗಳದಿಂದ ಒಂದು ಮೈಲಿ ಆಚೆಗೆ, ಊಟಿಯ ರಸ್ತೆಯ ಮಗ್ಗುಲಲ್ಲಿ ನಾಲ್ಕು ಕೋಣೆಯ ಹೆಂಚಿನ ಮನೆ ಕಟ್ಟಿದರು. ದಾರಿಯವರಿಗೆ ಊಟ ಹಾಕಿ ಮಲಗಲು ಜಾಗ ಕೊಡುವ ಹೋಟೆಲು ಇಟ್ಟರು. ಅಂದಿನಿಂದ ಆಕೆಗೆ ನೆಮ್ಮದಿಯ ನಿದ್ದೆಯಿಲ್ಲ. ಕಾಡಿನ ಕಡೆ ಏನಾದರೂ ಪಟಪಟನೆ ಮುರಿದರೆ ಎದ್ದು ಕುಳಿತುಬಿಡುವಳು.

"ಬಿದಿರು ಕಣೆ, ಗಾಳಿಗೆ ಮುರ್ಕೊಳ್ತದೆ. ಮನೀಕೊ" ಎನ್ನುವರು ಶಾಂತಮಲ್ಲಪ್ಪ. ಇಪ್ಪತ್ತೆರಡು ವರ್ಷ ಅದೇ ಮಾತು. ಆ ಮಾತು ಕೇಳಿದರೆ ಸಾಕು, ಆಕೆಗೆ ಮತ್ತೆ ಕಣ್ಣು ಹತ್ತುತ್ತಿತ್ತು.

ಕಳೆದ ಕಾರ್ತಿಕದಲ್ಲಿ ಅವರು ಚಳಿಜ್ವರದಿಂದ ಲಿಂಗೈಕ್ಯರಾದರು. ಮನೆಯ ಹಿಂದಿನ ಹೊಂಗೆಮರದ ಕೆಳಗೆ ಅವರ ಗದ್ದುಗೆ ಮಾಡಿದರು. ಆಕೆ ದಿನವೂ ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗವನ್ನಿಟ್ಟು ಪೂಜೆ ಮುಗಿಸಿ, ಅಲ್ಲಿಗೆ ಹೋಗಿ ಎರಡು ಬಿಲ್ವದ ಎಲೆ ಇಟ್ಟು ಬರುವಳು. ತಮ್ಮ ಚಿಕ್ಕಮಲ್ಲಪ್ಪ ಉಡಿಗಾಲದಿಂದ ಬಂದು, "ಗಿರಾಕಿ ಇಲ್ದ ಮನೇಲಿ ಒಂಟಿ ಹೆಂಗಸು ಏನ್ ಮಾಡಿಯೇ ಅಕ್ಕ? ಯುಗಾದಿಗಂಟ ನೋಡ್ತೀನಿ. ಆಮೇಲೆ ಬೀಗ ಹಾಕ್ಕಂಡು ಗಾಡಿ ಹತ್ಸೋದೇಯ" ಎಂದು ಹೇಳಿ ಹೋಗಿದ್ದ. ಗಾಡಿ ಹತ್ತಿದರೆ ಗದ್ದುಗೆಗೆ ಬಿಲ್ವ ಇಡುವವರು ಯಾರು? ಕಾಡಿನ ಭಯಕ್ಕಿಂತ ಆಕೆಗೆ ಈ ಭಯ ದೊಡ್ಡದಾಯಿತು.

ಆ ಹೊತ್ತಿನಲ್ಲೇ ಗುಂಡ್ಲುಪೇಟೆಯ ಬಸ್ಸಿನ ಏಜೆಂಟ್ ಗಂಗಾಧರಸ್ವಾಮಿ ಒಂದು ಸೋಮವಾರ ಬಂದ. ಊಟಿಯ ಸೀಸನ್ನು ಹತ್ತಿರವಾಗಿತ್ತು. ಮೈಸೂರಿನಿಂದ ತಡವಾಗಿ ಬರುವ ಬಸ್ಸು ಕತ್ತಲಲ್ಲಿ ಕಾಡು ದಾಟದೆ ಇಲ್ಲಿ ತಂಗಿ, ಬೆಳಗ್ಗೆ ಘಟ್ಟ ಹತ್ತಬೇಕೆಂದು ಅವನ ಆಲೋಚನೆ. ಮನೆಯನ್ನು ರಸ್ತೆಯಿಂದಲೇ ನೋಡಿ ಮೂಗು ಮುರಿದ.

"ಒಳಗೆ ಎಲ್ಲ ಚೊಕ್ಕಟವಾಗಿದೆ ಅಮ್ಮಾವ್ರೆ. ಮುಂದಗಡೆ ಮಾತ್ರ ದನದ ಕೊಟ್ಟಿಗೆ ಇದ್ದಂಗದೆ. ಕೆಮ್ಮಣ್ಣು ಬಳಿದ ಗೋಡೆ ಕಂಡ್ರೆ ಮೈಸೂರಿನ ಜನ ಬಸ್ಸಿಂದ ಇಳೀತಾರಾ? ಅರ್ಧ ಮೈಲಿಗೇ ಬೆಳ್ಳಗೆ ಹೊಳೀಬೇಕು. ಇನ್ನೊಂದು ಮಾತು, ಒರಗಿಕೊಂಡವರ ಕೋಟಿಗೆ ಸುಣ್ಣ ಮೆತ್ತಬಾರದು. ಬರೋ ಸೋಮವಾರ ಬಂದು ನೋಡ್ತೀನಿ. ಆಗಿದ್ರೆ ಬಸ್ಸು ನಿಮ್ಮದು, ಇಲ್ದಿದ್ರೆ ಬೇರೆ ಕಡೆ ನೋಡ್ಕೋತೀನಿ."

ಆಕೆ ಆಗಲೆಂದಳು. ಆದರೆ ಒಳಗೆ ಏನೋ ಅಳುಕಿತು. ಮನೆ ಕಟ್ಟಿದಂದಿನಿಂದ ಶಾಂತಮಲ್ಲಪ್ಪನವರು ಆ ಗೋಡೆಗೆ ಸುಣ್ಣ ಮುಟ್ಟಿಸಿರಲಿಲ್ಲ. ವರ್ಷಕ್ಕೊಮ್ಮೆ ತಾವೇ ಪಂಚೆ ಎತ್ತಿಕಟ್ಟಿ ಕೆಮ್ಮಣ್ಣು ಸಗಣಿ ಕಲಸಿ ಬಳಿಯುವರು. "ಊರೋರೆಲ್ಲ ಸುಣ್ಣ ಒಡೀತಾರೆ, ನಮಗೇನು ಬಡ್ತನ?" ಎಂದು ಆಕೆ ಕೇಳಿದರೆ, "ಈ ಗೋಡೆಗೆ ಸುಣ್ಣ ಒಗ್ಗಾಕಿಲ್ಲ ಕಣೆ" ಎಂದಷ್ಟೇ ಹೇಳಿ ಸುಮ್ಮನಾಗುವರು. ಜಿಪುಣತನವೆಂದು ಆಕೆ ಎಷ್ಟೋ ಸಲ ಮುನಿಸಿಕೊಂಡದ್ದುಂಟು.

ಸುಣ್ಣ ಹೊಡೆಯಲು ಹರದನಹಳ್ಳಿಯ ಮಾದಣ್ಣನನ್ನು ಕರೆಸಿದಳು. ಚಾಮರಾಜನಗರದ ಮದುವೆಮನೆಗಳ ಹೊರಗೋಡೆಗಳಿಗೆಲ್ಲ ಸುಣ್ಣ ಹೊಡೆದ ಕೈ ಅವನದು. ಒಂದು ರಾತ್ರಿಯಿಡೀ ಹಂಡೆಯಲ್ಲಿ ಕಲ್ಲುಸುಣ್ಣ ನೆನೆಹಾಕಿ, ಗಂಜಿಯ ತಿಳಿ ಬೆರೆಸಿ, ಒಳಗಿಂದ ಉಪ್ಪು ಬೆಲ್ಲ ತರಿಸಿಕೊಂಡ.

"ಇಷ್ಟೊಂದು ಯಾಕ್ಲಾ ಮಾದಣ್ಣ? ಗೋಡೆಗೆ ಪಾಯಸ ಮಾಡಿಯಾ?"

"ಉಪ್ಪು ಬೆಲ್ಲ ಇಲ್ದೆ ಸುಣ್ಣ ಗೋಡೆ ಕಚ್ಚಾಕಿಲ್ಲ ಕಣ್ರವ್ವ. ಕೋಟಿಗೆ ಮೆತ್ಬಾರ್ದು ಅಂದ್ರಲ್ಲ ಏಜೆಂಟ್ರು, ಅದ್ಕೇಯ ಎಲ್ಡರಷ್ಟು ಸುರ್ದಿವ್ನಿ. ಮಠದ್ ಸ್ವಾಮಿಗೋಳು ಒರಗಿದ್ರೂವೆ ಕಾವಿ ಕಾವಿಯಾಗೇ ಇರ್ತದೆ, ನೋಡ್ತಿರಿ!"

ಗುರುವಾರ ಮಧ್ಯಾಹ್ನದ ಹೊತ್ತಿಗೆ ಎರಡು ಸಲ ಹೊಡೆದು ಮುಗಿಯಿತು. ಬಿಸಿಲಿಗೆ ಗೋಡೆ ಕಣ್ಣು ಕುಕ್ಕುವಂತೆ ಹೊಳೆಯಿತು. ಆಕೆ ರಸ್ತೆಯಲ್ಲಿ ನಿಂತು ನೋಡಿ, ಇದನ್ನು ನೋಡಲು ಅವರಿಲ್ಲವಲ್ಲ ಎಂದು ಸೆರಗಿನಿಂದ ಕಣ್ಣೊರಸಿಕೊಂಡಳು. ಸಂಜೆ ಹಸು ಗೌರಿ ಮೇದು ಬಂದದ್ದು ನೆಟ್ಟಗೆ ಗೋಡೆಗೆ ಹೋಗಿ ನಾಲಿಗೆ ಚಾಚಿ ನೆಕ್ಕತೊಡಗಿತು. ಮಾದಣ್ಣ ನಕ್ಕ. "ನೋಡ್ರವ್ವ, ನನ್ ಸುಣ್ಣಕ್ಕೆ ದನ ಸೈತ ಮರುಳಾಗ್ಬುಟ್ಟದೆ!" ಆಕೆಯೂ ನಕ್ಕಳು. ಕಾರ್ತಿಕದಿಂದೀಚೆಗೆ ಆಕೆ ನಕ್ಕದ್ದು ಅದೇ ಮೊದಲು.

ಶುಕ್ರವಾರ ಬೆಳಗ್ಗೆ ಅಂಗಳಕ್ಕೆ ನೀರು ಹಾಕಲು ಬಾಗಿಲು ತೆಗೆದಾಗ ಗೋಡೆಯ ಮೇಲೆ ಒದ್ದೆಯ ಪಟ್ಟೆಗಳು ಕಂಡವು. ಮತ್ತೆ ಗೌರಿಯೇ ಬಿಚ್ಚಿಕೊಂಡು ಬಂದಳೇನೋ ಎಂದು ಆಕೆ ಬೈಯಲು ಬಾಯಿ ತೆರೆದಳು. ಆಮೇಲೆ ತಲೆಯೆತ್ತಿದಳು. ಒದ್ದೆಯ ಗುರುತು ಬಾಗಿಲ ಮೇಲಿನ ತೊಲೆಯನ್ನು ದಾಟಿ ಹೆಂಚಿನ ಅಂಚಿನವರೆಗೂ ಹೋಗಿತ್ತು. ಅಷ್ಟೆತ್ತರದಲ್ಲಿ ಸುಣ್ಣ ಕಿತ್ತು, ಒಳಗಿನ ಕೆಮ್ಮಣ್ಣು ಕಾಣುತ್ತಿತ್ತು. ಗೌರಿ ಕೊಟ್ಟಿಗೆಯಲ್ಲಿ ಕಟ್ಟಿದ ಹಾಗೆಯೇ ನಿಂತು ನಡುಗುತ್ತಿದ್ದಳು.

ಆಕೆ ತಂಬಿಗೆ ಕೆಳಗಿಟ್ಟು ಮಾದಣ್ಣನನ್ನು ಕೂಗಿದಳು.

ಮಾದಣ್ಣ ಕೊಟ್ಟಿಗೆಯ ಅಟ್ಟದಿಂದ ಇಳಿದು ಬಂದು ಗೋಡೆ ನೋಡಿದ. ಬಗ್ಗಿ ಧೂಳು ನೋಡಿದ. ಮೊರದಷ್ಟು ಅಗಲದ ಹೆಜ್ಜೆ.

"ದೊಡ್ಡದು ಕಣವ್ವ," ಎಂದು ಪಿಸುಗುಟ್ಟಿದ. "ಉಪ್ಪಿನ ವಾಸ್ನೆ ಇಡ್ಕಂಡು ಬಂದದೆ. ನಮ್ಮೂರ್ ಕಡೆ ಇವು ಇಲ್ಲ. ನಂಗೆ ಒಳೀನೇ ಇಲ್ಲ. ತಪ್ಪು ಮಾಡ್ಬುಟ್ಟೆ ಕಣವ್ವ."

ಆಗ ಶಿವರುದ್ರಮ್ಮನಿಗೆ ಒಂದೊಂದಾಗಿ ನೆನಪಾಯಿತು. ದನಕ್ಕೆ ಹಾಕುವ ಉಪ್ಪನ್ನು ಗಂಡ ಎಂದೂ ಕೊಟ್ಟಿಗೆಯಲ್ಲಿಡದೆ ಒಳಗಿನ ಮಡಕೆಯಲ್ಲಿ ಬಾಯಿ ಕಟ್ಟಿ ಇಡುತ್ತಿದ್ದದ್ದು. ಬೆಲ್ಲದ ಗಾಡಿಯವರಿಗೆ ರಾತ್ರಿ ಜಾಗ ಕೊಡದೆ, "ಹಂಗಳಕ್ಕೆ ಓಗ್ಬುಡ್ರಪ್ಪ" ಎಂದು ಕೈಮುಗಿದು ಕಳುಹಿಸುತ್ತಿದ್ದದ್ದು. ಬಿದಿರು ಮುರಿದ ಸದ್ದು. ಹೆದರುವ ಹೆಂಡತಿಯ ಮುಂದೆ ಆ ಹೆಸರನ್ನೇ ಎತ್ತದೆ ಇಪ್ಪತ್ತೆರಡು ವರ್ಷ ಕಳೆದಿದ್ದರು.

"ಈಗ್ಲೇ ಕೆರೆದ್ಹಾಕು" ಎಂದಳು. ಮರುಗಳಿಗೆ, "ತಡಿ" ಎಂದಳು. ಕೆರೆದರೆ ಸೋಮವಾರ ಏಜೆಂಟ್ ಬಂದು ನೋಡುವುದು ಏನನ್ನು? ಬಸ್ಸು ಹೋದರೆ ಯುಗಾದಿಗೆ ತಮ್ಮನ ಗಾಡಿ. ಒಂದು ದಿನ ಬಂದದ್ದು ದಿನವೂ ಬರುತ್ತದೆಯೇ? ಶಿವ ಕಾಯಲಾರನೇ? ಹೀಗೆಂದು ಆಕೆ ಆ ದಿನವೆಲ್ಲ ಗೋಡೆಯನ್ನು ಹಾಗೆಯೇ ಬಿಟ್ಟಳು. ಮಾದಣ್ಣ ಕಿತ್ತ ಜಾಗಕ್ಕೆ ಸುಣ್ಣ ತೇಪೆ ಹಾಕಿದ; ಹಾಕುವಾಗ ಎರಡು ಕೈಗೊಮ್ಮೆ ಹಿಂದಕ್ಕೆ ತಿರುಗಿ ನೋಡುತ್ತಿದ್ದ.

ಅದು ಕತ್ತಲಾಗುವವರೆಗೂ ಕಾಯಲಿಲ್ಲ. ದೀಪ ಹಚ್ಚುವ ಹೊತ್ತು. ರಸ್ತೆಯಲ್ಲಿ ಇನ್ನೂ ಬೆಳಕಿತ್ತು. ಕೊಟ್ಟಿಗೆಯಲ್ಲಿ ಗೌರಿ ಹಗ್ಗ ಜಗ್ಗಿ ಒಮ್ಮೆ ಕೂಗಿ ಸುಮ್ಮನಾದಳು. ಶಿವರುದ್ರಮ್ಮ ಕಿಟಕಿಯಿಂದ ನೋಡಿದಾಗ ರಸ್ತೆಯ ಆಚೆಯ ಪೊದೆಯೇ ಎದ್ದು ನಡೆದು ಬರುವಂತಿತ್ತು. ಒಂದು ಕೊಂಬು ಉದ್ದ, ಒಂದು ಮೊಂಡು. ಕಾಲ ಸದ್ದೇ ಇಲ್ಲ.

ಮಾದಣ್ಣ ಹೊರಗೆ ಜಗಲಿಯ ಮೇಲಿದ್ದ. ಆಕೆ ಬಾಗಿಲು ತೆಗೆದು, "ಒಳಕ್ಕೆ ಬಾ" ಎಂದಳು. ಅವನು ಹೊಸ್ತಿಲ ಹತ್ತಿರ ಬಂದು ನಿಂತುಬಿಟ್ಟ. ಆ ಮನೆಯ ಹೊಸ್ತಿಲನ್ನು, ಅಂಥ ಮೇಲುಜಾತಿಯ ಯಾವ ಮನೆಯ ಹೊಸ್ತಿಲನ್ನೂ ಅವನು ದಾಟಿದವನಲ್ಲ. ಸಾವು ಬೆನ್ನ ಹಿಂದಿದ್ದರೂ ಅವನ ಕಾಲು ಏಳಲಿಲ್ಲ.

"ನಾನು ಒಳೀಕೆ ಎಂಗವ್ವ…"

ಆಕೆ ಅವನ ಮುಂಗೈ ಹಿಡಿದು ಎಳೆದುಕೊಂಡು ಅಗುಳಿ ಹಾಕಿದಳು.

ಮೊದಲು ಉಸಿರಿನ ಸದ್ದು ಕೇಳಿತು, ಕಮ್ಮಾರನ ತಿದಿಯಂತೆ. ಆಮೇಲೆ ಗೋಡೆಯನ್ನು ಉಜ್ಜುವ ಸದ್ದು. ಮೇಲಿನಿಂದ ಮಣ್ಣು ಉದುರಿತು. ಹೆಂಚೊಂದು ಜಾರಿ ನಡುಮನೆಯಲ್ಲಿ ಬಿದ್ದು ಒಡೆಯಿತು. ಆಕೆ ಕೊರಳ ಲಿಂಗವನ್ನು ಅಂಗೈಗೆ ತೆಗೆದುಕೊಂಡು "ಓಂ ನಮಃ ಶಿವಾಯ" ಎನ್ನಲು ಹೊರಟರೆ ನಾಲಿಗೆ ಹೊರಳಲಿಲ್ಲ. ತುಟಿ ಮಾತ್ರ ಆಡಿತು. ಪಕ್ಕದಲ್ಲಿ ಮಾದಣ್ಣ ಗೋಡೆಗೆ ಮುಖ ಮಾಡಿ ಕೈಮುಗಿದು, "ಮಾದಪ್ಪ, ಮಾಯ್ಕಾರ, ನನ್ ತಪ್ಪು, ನನ್ ತಪ್ಪು" ಎಂದು ಒಂದೇ ಸಮನೆ ಗೊಣಗುತ್ತಿದ್ದ.

ಮುಂದಿನ ಕೋಣೆಯಲ್ಲಿ ಧಡ್ ಎಂದಿತು. ಇಡೀ ಮನೆ ನಡುಗಿತು. ಮಂಚದ ಮೇಲೆ ಇಟ್ಟಿಗೆ ಬೀಳುವುದು ಕೇಳಿಸಿತು. ಆಮೇಲೆ ಬಹಳ ಹೊತ್ತು ಬರೀ ಉಸಿರು. ಆಮೇಲೆ ಅದೂ ಇಲ್ಲ.

ಆ ರಾತ್ರಿ ಇಬ್ಬರೂ ಎರಡು ಗೋಡೆಗೆ ಒರಗಿ ಕುಳಿತೇ ಇದ್ದರು. ಬೆಳಗಾದ ಮೇಲೆ ಆಕೆ ಲೋಟದಲ್ಲಿ ಮಜ್ಜಿಗೆ ತಂದು ಮಾದಣ್ಣನ ಕೈಗೆ ಕೊಟ್ಟಳು. ಅವನು ಅಭ್ಯಾಸದಂತೆ ಹೊರಕ್ಕೆ ಹೋಗಲು ಎದ್ದ. "ಕೂತ್ಕಂಡೇ ಕುಡಿ" ಎಂದಳು.

ಶನಿವಾರ ಭಾನುವಾರ ಇಬ್ಬರೂ ಗೋಡೆ ಕೆರೆದರು. ಬಾವಿಯಿಂದ ಕೊಡಗಟ್ಟಲೆ ನೀರು ಸೇದಿ ತೊಳೆದರು. ಕೆರೆದ ಸುಣ್ಣವನ್ನು ದೂರದ ಹಳ್ಳದಲ್ಲಿ ಹೂತರು. ಆಮೇಲೆ ಆಕೆ ಸೆರಗು ಬಿಗಿದು, ಗಂಡ ಬಳಿಯುತ್ತಿದ್ದ ಹಾಗೆಯೇ, ಕೆಮ್ಮಣ್ಣು ಸಗಣಿ ಕಲಸಿ ಅಂಗೈಯಿಂದ ಬಳಿದಳು. ಭಾನುವಾರ ಸಂಜೆಯ ಬಸ್ಸಿಗೆ ಮಾದಣ್ಣ ಊರಿಗೆ ಹೋದ. ಕೂಲಿ ಬೇಡವೆಂದ; ಆಕೆ ಬಿಡದೆ ಕೊಟ್ಟಳು. ಆ ಎರಡು ರಾತ್ರಿ ಅದು ಈ ಕಡೆ ಸುಳಿಯಲಿಲ್ಲ.

ಸೋಮವಾರ ಬೆಳಗಿನ ಬಸ್ಸಿನಲ್ಲಿ ಗಂಗಾಧರಸ್ವಾಮಿ ಬಂದಿಳಿದ. ಗೋಡೆ ನೋಡಿ ಅವನ ಮುಖ ಕೆಂಪಗಾಯಿತು.

"ಏನಮ್ಮಾವ್ರೆ ಇದು? ಹೇಳಿದ್ದೇನು, ಮಾಡಿದ್ದೇನು?"

ಆಕೆ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಅವನು ಅರ್ಧ ಕೇಳಿ ಕೈಯಾಡಿಸಿದ.

"ಕಾಡಂದ ಮೇಲೆ ಆನೆ ಇರೋದೆಯ. ಇನ್ನೊಂದು ಸಲ ಹೊಡೆಸಿ. ರಾತ್ರಿ ಬಾಗ್ಲು ಭದ್ರ ಮಾಡ್ಕೊಂಡ್ರೆ ಆಯ್ತು. ಬಂದೋರಿಗೆ ಇದನ್ನೆಲ್ಲ ಹೇಳೋಕೆ ಹೋಗ್ಬೇಡಿ."

ಬಸ್ಸು ಕೈತಪ್ಪುವುದು ಆಕೆಗೆ ಕಾಣುತ್ತಿತ್ತು. ಗದ್ದುಗೆಯ ಹೊಂಗೆಮರವೂ ಅಲ್ಲಿಂದ ಕಾಣುತ್ತಿತ್ತು. ಆದರೂ ಹೇಳಿದಳು: "ಒಳಕ್ಕೆ ಬನ್ನಿ ಸ್ವಾಮಿ, ಒಂದು ತೋರಿಸ್ತೀನಿ."

ಮುಂದಿನ ಕೋಣೆಯಲ್ಲಿ ಮಂಚದ ತಲೆದಿಂಬಿಗೆ ಒಂದು ಗೇಣು ಮೇಲೆ ಗೋಡೆಯಲ್ಲಿ ಕೊಂಬು ಹೊಕ್ಕ ತೂತಿತ್ತು. ಅದನ್ನು ಆಕೆ ಮುಚ್ಚದೆ ಬಿಟ್ಟಿದ್ದಳು. ಗಂಗಾಧರಸ್ವಾಮಿ ಅದರೊಳಗೆ ಕೈ ಇಟ್ಟ. ಮೊಣಕೈವರೆಗೂ ಹೋಯಿತು. ಅತ್ತ ಕಡೆ ಬಿಸಿಲು ಅವನ ಬೆರಳಿಗೆ ತಗುಲಿತು.

"ಇಲ್ಲಿ ಯಾರ ಮನೆ ಮಗ ಮಲಗಿರ್ತಾನೋ. ನನ್ನಿಂದ ಆಗಾಕಿಲ್ಲ. ಬಸ್ಸು ಬೇರೆ ಕಡೆ ಕೊಟ್ಬುಡಿ."

ಅವನು ಕೈ ತೆಗೆದು, ಅಂಟಿದ ಮಣ್ಣನ್ನು ನೋಡಿದ. ಹೊರಗೆ ಡ್ರೈವರು ಹಾರನ್ನು ಹೊಡೆದ.

"ರಾತ್ರಿ ತಂಗೋದು ಬೇಡ" ಎಂದ ಕಡೆಗೆ, ಬೇರೆಯೇ ಧ್ವನಿಯಲ್ಲಿ. "ಹಗಲು ಹೊತ್ತು ಕಾಫಿ ತಿಂಡಿಗೆ ಹತ್ತು ನಿಮಿಷ ನಿಲ್ಲಿಸ್ತೀನಿ. ಗೋಡೆ… ಇರಲಿ ಬಿಡಿ, ಹಿಂಗೇ ಇರಲಿ." ಮತ್ತೆ ಹಿಂದಿರುಗಿ ನೋಡದೆ ಬಸ್ಸು ಹತ್ತಿದ.

ಹತ್ತು ನಿಮಿಷ ಸಾಕು, ಇಲ್ಲಿ ಉಳಿಯಲು ಸಾಕು ಎಂದು ಆಕೆ ಅಂದುಕೊಂಡಳು. ಅಂದುಕೊಂಡರೂ ಹೊತ್ತು ಇಳಿದಂತೆ ಮತ್ತೆ ಮತ್ತೆ ಹೋಗಿ ಗೋಡೆಯನ್ನು ಮೂಸಿ ನೋಡಿದಳು. ತೊಳೆದದ್ದು ಸಾಕಾಯಿತೋ ಇಲ್ಲವೋ, ಉಪ್ಪು ಮಣ್ಣಿನೊಳಗೆ ಎಷ್ಟು ಇಳಿದಿದೆಯೋ, ಹೇಳುವವರು ಯಾರೂ ಇರಲಿಲ್ಲ. ಗೌರಿಯನ್ನು ಹಿತ್ತಲ ಕೋಣೆಗೆ ಕಟ್ಟಿ, ದೀಪ ಹಚ್ಚಿ, ಲಿಂಗವನ್ನು ಅಂಗೈಯಲ್ಲಿಟ್ಟು ಬಾಗಿಲ ಹಿಂದೆ ಕುಳಿತಳು.

ಅದು ಬಂತು. ಅದೇ ತಿದಿಯ ಉಸಿರು. ಗೋಡೆಯ ಉದ್ದಕ್ಕೂ ಮೆಲ್ಲನೆ ಸರಿಯುತ್ತಾ ಬಂದು, ಬಾಗಿಲ ಬಳಿ ನಿಂತಿತು. ಬಾಗಿಲ ಸಂದಿಯಿಂದ ಬಿಸಿಗಾಳಿ ಬಂದು ದೀಪ ಅಲುಗಿತು. ಆಕೆ ಕಣ್ಣು ಮುಚ್ಚಿದಳು. ಈ ಸಲ ಮಂತ್ರ ಬಾಯಿಗೆ ಬಂತು.

ಒಂದು ಸಲ ಗೋಡೆಯನ್ನು ಉಜ್ಜಿತು, ಅಷ್ಟೇ. ಆಮೇಲೆ ಉಸಿರು ದೂರವಾಯಿತು. ರಸ್ತೆಯ ಆಚೆ ಪಟಪಟನೆ ಏನೋ ಮುರಿಯಿತು.

"ಬಿದಿರು" ಎಂದು ಆಕೆ ತನಗೆ ತಾನೇ ಗಟ್ಟಿಯಾಗಿ ಹೇಳಿಕೊಂಡಳು. ದೀಪವನ್ನು ಮಾತ್ರ ಆರಿಸಲಿಲ್ಲ.