ಇಪ್ಪತ್ತನಾಲ್ಕು ಕೆಂಪು ಚುಕ್ಕಿ

ಕರೆಂಟು ಹೋಗಿ ಎರಡು ದಿನವಾಗಿತ್ತು. ಅದರಲ್ಲಿ ಹೊಸದೇನೂ ಇರಲಿಲ್ಲ. ಅದು ಹೋಗಿಯೇ ಹೋಗುತ್ತದೆ ಎಂದು ತಾನೇ ಅಕ್ಕನ ಮನೆಯ ತಗಡಿನ ಮಾಡಿನ ಮೇಲೆ ಹನ್ನೆರಡು ಸೋಲಾರ್ ಪ್ಯಾನೆಲ್ ಕೂರಿಸಿದ್ದು. ಹೊಸದೆಂದರೆ, ನೆತ್ತಿ ಸುಡುವ ಬಿಸಿಲಿದ್ದರೂ ಆ ಹನ್ನೆರಡರಿಂದ ಚೂರು ಕರೆಂಟೂ ಕೆಳಗಿಳಿಯುತ್ತಿರಲಿಲ್ಲ. ಗೋಡೆಯ ಮೇಲಿನ ಇನ್ವರ್ಟರ್ ಪೆಟ್ಟಿಗೆ ಬೆಳಗಿನಿಂದ ಕುಂಯ್ ಕುಂಯ್ ಎನ್ನುತ್ತಿತ್ತು. ಬ್ಯಾಟರಿಯಲ್ಲಿ ನೂರಕ್ಕೆ ಹನ್ನೊಂದು ಪಾಲು ಉಳಿದಿತ್ತು. ಆ ಹನ್ನೊಂದು ಪಾಲಿನ ಮೇಲೆ ಭಾವನ ಉಸಿರಾಟದ ಯಂತ್ರ ಓಡುತ್ತಿತ್ತು.

ಪ್ಯಾನೆಲ್ ಕೂರಿಸಿದ್ದ ಫಿಟರ್, ಅಕ್ಕನ ಸ್ವಂತ ತಮ್ಮ, ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದ. ಭಾವ ಮೂರು ದಿಂಬಿಗೆ ಒರಗಿ ಕೂತಿದ್ದರು. ಮೂಗಿಗೆ ನಳಿಕೆ, ತುಟಿ ನೀಲಿಗಟ್ಟಿತ್ತು.

"ಬಾರಪ್ಪ ಇಂಜಿನಿಯರ್ರೇ," ಎಂದರು. ಒಂದೊಂದು ಮಾತಿಗೂ ಒಂದೊಂದು ಉಸಿರು ಬೇಕಾಗುತ್ತಿತ್ತು.

"ಆಂಬ್ಯುಲೆನ್ಸ್‌ಗೆ ಫೋನ್ ಮಾಡಿದೆ ಕಣೋ," ಅಕ್ಕ ಅಂದಳು. "ಊರೆಲ್ಲಾ ಕರೆಂಟಿಲ್ಲ, ಎಲ್ಲರೂ ಕರೀತಿದಾರಂತೆ. ಎರಡು ಗಂಟೆ ಆಗತ್ತೆ ಅಂದ್ರು. ಆಕ್ಸಿಜನ್ ಸಿಲಿಂಡರ್ ಇರೋದು ಒಂದೇ, ಚಿಕ್ಕದು. ಅರ್ಧ ಗಂಟೆ ಬಂದ್ರೆ ಹೆಚ್ಚು."

ಅವಳೇ ಏಣಿ ಹಿಡಿದುಕೊಂಡಳು. ಅವನು ನಾಲ್ಕನೇ ಮೆಟ್ಟಿಲಿಗೆ ಬಂದಾಗ ಕೆಳಗಿನಿಂದ ಹೇಳಿದಳು, "ಚುಕ್ಕಿಗಳೆಲ್ಲ ಸರಿಯಾಗೇ ಇದೆಯಲ್ಲೋ. ಪ್ರತಿ ಭಾನುವಾರ ಹತ್ತಿ ಎಣಿಸ್ತೀನಿ. ಇಪ್ಪತ್ತನಾಲ್ಕೂ ಇದೆ ಅಂತ ಹೇಳಿದ್ರೆ ಸಾಕು, ಇವರು ನೆಮ್ಮದಿಯಾಗಿ ನಿದ್ದೆ ಮಾಡ್ತಾರೆ."

ಅವನ ಕಾಲು ಮೆಟ್ಟಿಲ ಮೇಲೆ ಒಂದು ಕ್ಷಣ ನಿಂತಿತು.

ಚುಕ್ಕಿಯ ಕತೆ ಹೀಗೆ. ಆ ಪ್ಯಾನೆಲ್‌ಗಳು ಮುಚ್ಚಿದ ಯಾವುದೋ ಕಾರ್ಖಾನೆಯಿಂದ ಬಿಚ್ಚಿ ತಂದವು. ಬಿಚ್ಚಿದ ಪುಣ್ಯಾತ್ಮರು ವೈರುಗಳ ತುದಿಯಲ್ಲಿದ್ದ ಪ್ಲಗ್ಗುಗಳನ್ನು ಕಚಕ್ಕನೆ ಕತ್ತರಿಸಿ ಎಸೆದಿದ್ದರು. ಹಾಗಾಗಿ ಪ್ಯಾನೆಲ್ಲಿಗೆ ಎರಡರಂತೆ ಇಪ್ಪತ್ತನಾಲ್ಕು ತುದಿಗೂ ಫಿಟರ್ ಹೊಸ ಪ್ಲಗ್ ಹಾಕಬೇಕಾಯಿತು. ತುದಿಯ ಸಿಪ್ಪೆ ಸುಲಿದು, ತಾಮ್ರದ ಎಳೆಗಳಿಗೆ ಲೋಹದ ಪಿನ್ ತೊಡಿಸಿ, ಅದಕ್ಕೆಂದೇ ಇರುವ ಇಕ್ಕಳದಲ್ಲಿ ಒತ್ತಿ, ಪ್ಲಾಸ್ಟಿಕ್ ಗೂಡಿನೊಳಗೆ ಟಕ್ ಎನ್ನುವವರೆಗೆ ನೂಕಬೇಕು. ಆಮೇಲೆ ಮಂಡಿಯೂರಿ ಗಟ್ಟಿಯಾಗಿ ಒಮ್ಮೆ ಎಳೆದು ನೋಡಬೇಕು. ಎಳೆದರೂ ಬಾರದಿದ್ದರೆ ಅದರ ಮೇಲೆ ಉಗುರಿನ ಬಣ್ಣದಿಂದ ಒಂದು ಕೆಂಪು ಚುಕ್ಕಿ. ಈ ಚುಕ್ಕಿ ಯಾವ ಪುಸ್ತಕದಲ್ಲೂ ಇಲ್ಲ, ಇಪ್ಪತ್ತು ವರ್ಷದಿಂದ ಅವನದೇ ಪದ್ಧತಿ. ಆವತ್ತು ಬಾಟಲಿ ಕೊಟ್ಟವಳು ಅಕ್ಕ.

ಹದಿನಾಲ್ಕರವರೆಗೆ ಎಲ್ಲವೂ ಪದ್ಧತಿಯಂತೆ ನಡೆಯಿತು. ಅಷ್ಟರಲ್ಲಿ ಬಿಸಿಲಿಗೆ ಬಾಟಲಿಯ ಬಣ್ಣ ಅಂಟಂಟಾಗತೊಡಗಿತು. ಪೂರ್ತಿ ಒಣಗುವ ಮುಂಚೆ ಚುಕ್ಕಿ ಇಟ್ಟುಬಿಡೋಣ, ಎಳೆಯುವುದು ಎಲ್ಲಿ ಹೋಗುತ್ತದೆ ಎಂದುಕೊಂಡು ಉಳಿದ ಹತ್ತಕ್ಕೂ ಮಂಡಿಯೂರದೆ ಬಗ್ಗಿಕೊಂಡೇ ಸರಸರನೆ ಬಳಿದ. ಅಕ್ಕ ಊಟಕ್ಕೆ ಕರೆದಳು. ಉಂಡು, ಹತ್ತು ನಿಮಿಷ ಅಡ್ಡಾಗಿ, ಮತ್ತೆ ಹತ್ತಿ ನೋಡಿದರೆ ಎಲ್ಲ ಕಡೆ ಚುಕ್ಕಿ. ತನ್ನ ಚುಕ್ಕಿಯನ್ನು ತಾನೇ ನಂಬಿ, ಸಾಮಾನು ಕಟ್ಟಿಕೊಂಡು ಇಳಿದ. ರಾತ್ರಿ ಮನೆಯಲ್ಲಿ ಕೈ ತೊಳೆಯುವಾಗ ನೆನಪಾಯಿತು. ನಾಳೆ ಹೋಗಿ ಎಳೆದು ಬಂದರಾಯಿತು ಎಂದುಕೊಂಡ. ಆ ನಾಳೆ ಬರದೆ ಆರು ತಿಂಗಳಾಗಿತ್ತು.

ಈಗ ತಗಡು ಅಂಗಾಲು ಸುಡುತ್ತಿತ್ತು. ಮೊದಲು ಪೆಟ್ಟಿಗೆಗೆ ಹೋಗುವ ಲೈನಿನ ಸ್ವಿಚ್ಚು ಇಳಿಸಿದ. ಅಕ್ಕ ಕೊಟ್ಟ ಹೊದಿಕೆಗಳನ್ನು ಪ್ಯಾನೆಲ್‌ಗಳ ಮೇಲೆ ಹಾಸಿದ. ಬಿಸಿಲು ಬಿದ್ದ ಪ್ಯಾನೆಲ್ಲಿನ ತುದಿ ಬಿಚ್ಚಿದರೆ ಕಿಡಿ ಹಾರಿ ಕೈ ಸುಡುತ್ತದೆ. ಹನ್ನೆರಡೂ ಒಂದೇ ಸರದಲ್ಲಿ ಪೋಣಿಸಿದ್ದವು, ಒಂದು ಕಡೆ ಬಿಟ್ಟುಕೊಂಡರೂ ಎಲ್ಲವೂ ದಂಡ. ತಪ್ಪು ಎಲ್ಲಿರಬಹುದೆಂದು ಹುಡುಕುವ ಕಷ್ಟ ಮಾತ್ರ ಅವನಿಗಿರಲಿಲ್ಲ. ಕೊನೆಯ ಸಾಲಿನ ತುದಿಗೆ ಹೋಗಿ ಮಂಡಿಯೂರಿದ. ತಗಡು ಡಬ್ ಎಂದಿತು.

ಮೊದಲನೆಯದನ್ನು ಎಳೆದ, ಬರಲಿಲ್ಲ. ಸರಿದು ಎರಡನೆಯದು. ಮೂರನೆಯದು. ಒಂದೊಂದಕ್ಕೂ ಮಂಡಿ ಎತ್ತಿ ಊರಬೇಕು. ಕೆಳಗೆ ಕುಂಯ್ ಎನ್ನುವ ಸದ್ದು ಒಂದೇ ಸಮನೆ ಬರತೊಡಗಿ, ಥಟ್ಟನೆ ನಿಂತಿತು.

"ಮಿಷನ್ ನಿಂತೋಯ್ತು ಕಣೋ," ಅಕ್ಕನ ದನಿ ಬಂತು. "ಸಿಲಿಂಡರ್ ಹಾಕ್ತಿದೀನಿ."

ಅವನಿಗೆ ಅಳು ಬಂತು. ನಾಚಿಕೆಯೂ ಬಂತು. ಅಳುತ್ತಾ ಕೂರುವುದಕ್ಕೆ ಸಿಲಿಂಡರಿನಲ್ಲಿ ಗಾಳಿ ಇರಲಿಲ್ಲ.

ಆರನೆಯದನ್ನು ಎಳೆದ. ವೈರು ಪಿನ್ ಸಮೇತ ಸಲೀಸಾಗಿ ಕೈಗೆ ಬಂತು. ಪಿನ್ನಿನ ಮೂತಿ ಇದ್ದಿಲಿನಂತೆ ಕಪ್ಪಾಗಿತ್ತು, ಗೂಡಿನ ಬಾಯಿ ಕರಗಿತ್ತು. ಅದರ ಮೇಲೆ ಕೆಂಪು ಚುಕ್ಕಿ ಅಂದವಾಗಿ ಕೂತಿತ್ತು. ಆವತ್ತು ಟಕ್ ಎನ್ನದೆಯೇ ಅರ್ಧಕ್ಕೆ ನಿಂತಿದ್ದ ಪಿನ್ನು, ತಾಗಿಯೂ ತಾಗದೆ, ಆರು ತಿಂಗಳು ಒಳಗೊಳಗೇ ಬೆಂದಿತ್ತು.

ತಂದಿದ್ದ ಸಾಮಾನಿನ ಡಬ್ಬಿಯಲ್ಲಿ ಗೂಡುಗಳು ಬೇಕಾದಷ್ಟಿದ್ದವು, ಪಿನ್ನುಗಳು ಮಾತ್ರ ಎರಡೇ. ಸುಟ್ಟ ಭಾಗ ಕತ್ತರಿಸಿ, ಸಿಪ್ಪೆ ಸುಲಿದು, ಪಿನ್ ಎತ್ತಿಕೊಂಡ. ಬೆವರುಗೈಯಿಂದ ಅದು ಜಾರಿ, ತಗಡಿನ ಮೇಲೆ ಉರುಳುತ್ತಾ ಹೋಗಿ ಮಾಡಿನಂಚಿನ ಮಳೆನೀರಿನ ದೋಣಿಗೆ ಬಿತ್ತು. ಇದ್ದ ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಅಂಗಿಗೆ ಎರಡೂ ಕೈ ಒರೆಸಿಕೊಂಡ. ತೊಡಿಸಿದ. ಒತ್ತಿದ. ಹೊಸ ಗೂಡಿನೊಳಗೆ ನೂಕಿದ. ಟಕ್. ಎಳೆದ, ಬರಲಿಲ್ಲ. ಇನ್ನೊಮ್ಮೆ ಬಲವೆಲ್ಲ ಹಾಕಿ ಎಳೆದ, ಬರಲಿಲ್ಲ. ಹೊದಿಕೆಗಳನ್ನು ಕಿತ್ತೆಸೆದು ಸ್ವಿಚ್ಚು ಎತ್ತಿದ.

ಅವನು ಏಣಿ ಇಳಿಯುವ ಹೊತ್ತಿಗೆ ಯಂತ್ರ ಮತ್ತೆ ಗುರ್ ಎನ್ನುತ್ತಿತ್ತು. ಅಕ್ಕ ನಳಿಕೆ ಬದಲಿಸುತ್ತಿದ್ದಳು. ಸಿಲಿಂಡರಿನ ಮುಳ್ಳು ಕೆಂಪು ಪಟ್ಟಿಯೊಳಗೆ ಹೊಕ್ಕಿತ್ತು. ಅವನು ಗೋಡೆಗೊರಗಿ ನೆಲದ ಮೇಲೆ ಕುಸಿದ.

"ಸರಿಹೋಯ್ತು ಭಾವ," ಎಂದ. "ಇನ್ನೇನೂ ಭಯ ಇಲ್ಲ."

ಭಾವ ಎಷ್ಟೋ ಹೊತ್ತು ಬರೀ ಉಸಿರಾಡಿದರು. ಬಸ್ ಕಂಡಕ್ಟರ್ ಆಗಿ ಮೂವತ್ತು ವರ್ಷ ತಲೆ ಎಣಿಸಿದವರು. ಹಾಸಿಗೆ ಹಿಡಿದ ಮೇಲೆ ಎಣಿಸಲು ಏನೂ ಸಿಗದೆ, ಮಾಡಿನ ಮೇಲೆ ಕಾಗೆ ನಡೆದರೂ ಎಣಿಸುತ್ತಿದ್ದರು.

"ಆರು," ಎಂದರು.

"ಏನು ಭಾವ?"

"ಇವತ್ತು ಆರು ಸಲ ಮಂಡಿ ಊರಿದೆ." ಒಂದು ಉಸಿರು. "ಆವತ್ತು ಹದಿನಾಲ್ಕು." ಇನ್ನೊಂದು ಉಸಿರು. "ಇನ್ನೂ ನಾಲ್ಕಿದೆ ಕಣೋ."

ಅಕ್ಕನ ಕೈ ನಳಿಕೆಯ ಮೇಲೆ ಹಾಗೇ ನಿಂತಿತು. ಅವಳು ಗಂಡನನ್ನು ನೋಡಿದಳು, ತಮ್ಮನನ್ನು ನೋಡಿದಳು. ಅವನಿಗೆ ತಲೆ ಎತ್ತಲಾಗಲಿಲ್ಲ.

"ಕೊನೇ ಹತ್ತು ಎಳೀಲಿಲ್ಲ ಅಕ್ಕ," ಎಂದ. "ಬರೀ ಚುಕ್ಕಿ ಇಟ್ಟೆ."

ಅವಳು ಬೈಯುತ್ತಾಳೆಂದು ಕಾದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ.

"ನಿಮಗೆ ಗೊತ್ತಿತ್ತಾ?" ಎಂದು ಗಂಡನನ್ನು ಕೇಳಿದಳು.

"ನೀನು ಭಾನುವಾರ ಎಣಿಸಿ ಬಂದು ನಗ್ತಿದ್ದೆಯಲ್ಲ," ಭಾವ ಹೇಳಿದರು. "ಅದೊಂದೇ ದಿನ ನೀನು ನಗೋದು. ಹೇಗೆ ಹೇಳಲಿ."

ಫಿಟರ್ ಎದ್ದ. ಬ್ಯಾಟರಿ ಸ್ವಲ್ಪ ತುಂಬಲೆಂದು ಅರ್ಧ ಗಂಟೆ ಪೆಟ್ಟಿಗೆಯ ಮುಂದೆ ನಿಂತ. ಆಮೇಲೆ ಹೊದಿಕೆ ಹೊತ್ತು ಮತ್ತೆ ಹತ್ತಿ, ಸ್ವಿಚ್ಚು ಇಳಿಸಿದ. ಈ ಸಲ ಏಣಿ ಹಿಡಿಯಲು ಅಕ್ಕ ಬರಲಿಲ್ಲ.

ಒಂದು ಬರಲಿಲ್ಲ. ಎರಡು ಬರಲಿಲ್ಲ. ಮೂರೂ ಬರಲಿಲ್ಲ. ನಾಲ್ಕನೆಯದು ಕೈಗೆ ಬಂತು.

ಅದರ ಪಿನ್ನು ಇನ್ನೂ ಹೊಳೆಯುತ್ತಿತ್ತು, ಸುಡುವ ಸರದಿ ಇನ್ನೂ ಬಂದಿರಲಿಲ್ಲ. ಹೊಸ ಪಿನ್ ಬೇಕಾಗಿರಲಿಲ್ಲ, ಇಕ್ಕಳವೂ ಬೇಕಾಗಿರಲಿಲ್ಲ. ಅದನ್ನು ಗೂಡಿನೊಳಗಿಟ್ಟು ಹೆಬ್ಬೆರಳಿನಿಂದ ಒತ್ತಿದ. ಟಕ್ ಎಂದಿತು. ಎಳೆದ, ಬರಲಿಲ್ಲ. ಅಷ್ಟೇ ಕೆಲಸ.

ಕೆಳಗಿನಿಂದ ಅಕ್ಕ ಹೇಳಿದಳು, "ನಾಲ್ಕೂ ಆಯ್ತಂತೆ. ಇಳಿ ಅಂತಿದಾರೆ."

ಅವನು ಇಳಿಯಲಿಲ್ಲ. ಸುಡುವ ತಗಡಿನ ಮೇಲೆ ನಡೆದು ಮೊದಲನೆಯ ಸಾಲಿಗೆ ಹೋದ. ಆವತ್ತು ಎಳೆದು ನೋಡಿಯೇ ಚುಕ್ಕಿ ಇಟ್ಟಿದ್ದ ಮೊದಲನೆಯ ಪ್ಲಗ್ಗಿನ ಮುಂದೆ, ಕೆಳಗೆ ಕೇಳಿಸುವಂತೆ ಮಂಡಿಯೂರಿದ.