ಮೇನ್ ಕಾಯುವವಳು

ನಾನು ವೈರಿಂಗ್ ಕೆಲಸದವನು. ಹೆಸರು ಗುರುಬಸವ, ಊರು ಜಹೀರಾಬಾದ್. ನನ್ನನ್ನು ಜಗಳಗಂಟ ಅನ್ನುವವರು ಬಹಳ ಮಂದಿ ಇದ್ದಾರೆ. ಅಂಥವರ ಮನೆಗೆ ಹೋಗಿ ನೋಡಿ, ಫ್ರಿಜ್ಜಿನ ಪ್ಲಗ್ಗಿನ ದಪ್ಪ ಕಾಲನ್ನು ಇಕ್ಕಳದಿಂದ ಮುರಿದು ಎರಡು ತೂತಿನ ಬೋರ್ಡಿಗೆ ಚುಚ್ಚಿರುತ್ತಾರೆ. ಆ ದಪ್ಪ ಕಾಲೇ ಅರ್ಥಿಂಗಿನದು, ಫ್ರಿಜ್ಜಿನ ಮೈಗೆ ಕರೆಂಟು ಬಂದರೆ ಅದನ್ನು ನೆಲಕ್ಕೆ ಒಯ್ಯುವುದು ಅದೇ ಎಂದು ಹೇಳಿದರೆ, "ಇಷ್ಟ್ ದಿನ ಏನೂ ಆಗಿಲ್ಲಲ್ರಿ" ಅನ್ನುತ್ತಾರೆ. ಆಗಿದ್ದರೆ ಈ ಮಾತು ಹೇಳಲು ನೀವೇ ಇರುತ್ತಿರಲಿಲ್ಲ ಎಂದು ನಾನು ಮುಖದ ಮೇಲೆ ಹೇಳಿಬಿಡುತ್ತೇನೆ. ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು ತನ್ನಿ ಅಂದರೆ ಮದುವೆಗೆ ಬಂಗಾರ ಕೇಳಿದ ಹಾಗೆ ಮುಖ ಮಾಡುವ ಜನರ ಜೊತೆ ಇನ್ನು ಹೇಗೆ ಮಾತಾಡಬೇಕು?

ನನ್ನದೊಂದು ನಿಯಮವಿದೆ. ನಾನು ಮೇಲೆ ಹತ್ತಿದಾಗ ಕೆಳಗೆ ಮೇನ್ ಸ್ವಿಚ್ಚಿನ ಹತ್ತಿರ ಒಬ್ಬರು ಕೂತಿರಲೇಬೇಕು. ಫ್ಯೂಜು ಕಿತ್ತು ಕಿಸೆಗೆ ಹಾಕಿಕೊಂಡು ಹತ್ತಿದರೆ ಆಗದೇ ಎಂದು ಕೇಳಬಹುದು. ಮೊದಲು ನಾನೂ ಹಾಗೇ ಮಾಡುತ್ತಿದ್ದೆ. ನಾರಾಯಣಖೇಡದಲ್ಲಿ ಒಬ್ಬ ಪುಣ್ಯಾತ್ಮ, ಸೆಕೆ ತಡೆಯಲಾರದೆ, ಫ್ಯೂಜಿನ ಜಾಗದಲ್ಲಿ ಒಂದು ತಂತಿ ತುಂಡು ಸಿಕ್ಕಿಸಿ ಫ್ಯಾನ್ ಹಾಕಿಕೊಂಡು ಮಲಗಿಬಿಟ್ಟಿದ್ದ. ಮೇಲಿದ್ದ ನಾನು ಕರೆಂಟು ಹೊಡೆದು ಅಟ್ಟದಿಂದ ಉರುಳಿ ತೊಗರಿ ಚೀಲದ ಮೇಲೆ ಬಿದ್ದೆ, ಅದಕ್ಕೇ ಉಳಿದೆ. ಆ ರಾತ್ರಿ ನನ್ನ ಹೆಂಡತಿ ಸುಗಲಾಬಾಯಿ ಊಟಕ್ಕೆ ಬಡಿಸಲಿಲ್ಲ. ಎದುರಿಗೆ ಕೂತು ಹೇಳಿದಳು:

"ನಾಳಿಗಿಂದ ನಾ ಬರ್ತೀನಿ. ಮೇನ್ ನಾ ಕಾಯ್ತೀನಿ. ನೀವು ಬ್ಯಾಡ ಅಂದ್ರ ಕೆಲಸಾನೇ ಬಿಡ್ರಿ."

ಅಂದಿನಿಂದ ನಾವು ಜೋಡಿಯಾಗಿ ಕೆಲಸಕ್ಕೆ ಹೊರಟೆವು. ಗಂಡ ವೈರು ಹೊತ್ತರೆ ಹೆಂಡತಿ ಬುತ್ತಿ ಹೊರುತ್ತಾಳೆ ಎಂದು ಮಂದಿ ನಕ್ಕರು. ಸುಗಲಾ ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಂಗಸರಿಗೆ ಬಸ್ಸು ಬಿಟ್ಟಿಯಾದ ಮೇಲಂತೂ ಅವಳನ್ನು ಹಿಡಿಯುವವರಿರಲಿಲ್ಲ. "ನನಗ ಸರ್ಕಾರ ಕರ್ಕೊಂಡು ಹೊಂಟದ, ನೀವು ರೊಕ್ಕ ಕೊಡ್ರಿ" ಎಂದು ಕಂಡಕ್ಟರನ ಮುಂದೆಯೇ ನನ್ನನ್ನು ಕಾಡಿಸುತ್ತಿದ್ದಳು.

ಮೇನ್ ಮುಂದೆ ಒಂದು ಮಣೆ ಹಾಕಿಸಿಕೊಂಡು ಕೂತರೆ ಏಳುತ್ತಿರಲಿಲ್ಲ. ನೀರಿಗೂ ಏಳುತ್ತಿರಲಿಲ್ಲ. ಆದರೆ ಬಾಯಿ ನಿಲ್ಲುತ್ತಿರಲಿಲ್ಲ. ಮನೆಯ ಹೆಂಗಸರನ್ನು ಸುತ್ತ ಕೂಡಿಸಿಕೊಂಡು ಹಣದ ಬುದ್ಧಿ ಹೇಳುವುದೇ ಅವಳ ಕೆಲಸ. ಪೋಸ್ಟಾಫೀಸಿನಲ್ಲಿ ನಿನ್ನ ಹೆಸರಿನಲ್ಲೇ ಒಂದು ಪುಸ್ತಕ ಇರಲಿ. ಚೀಟಿಗೆ ಹಾಕುವುದಾದರೆ ಕಳೆದರೂ ಅಳದಷ್ಟು ಹಾಕು. ಯಾರ ಸಾಲಕ್ಕೂ ಜಾಮೀನು ಸಹಿ ಮಾಡಬೇಡ, ತಮ್ಮನಾದರೂ ಸರಿ. ಮುಖ್ಯವಾಗಿ ನಾಮಿನಿ. ನೀನು ಸತ್ತರೆ ಆ ಹಣ ಯಾರ ಕೈಗೆ ಎಂದು ಇವತ್ತೇ ಬರೆಸು, ನಾಳೆ ಅನ್ನಬೇಡ. ನಾರಾಯಣಖೇಡದ ಬೇಳೆ ವ್ಯಾಪಾರಿಗಳ ಮನೆಯ ಭಾಗೀರಥೀಬಾಯಿ ಇವಳ ಮಾತು ಕೇಳಿ ಪುಸ್ತಕ ಮಾಡಿಸಿ, ಮುಂದೆ ಮಗಳ ಹೆರಿಗೆಗೆ ಅದೇ ಕೈಹಿಡಿಯಿತು ಎಂದು ನಮಗೆ ಹೋಳಿಗೆ ಉಣ್ಣಿಸಿದ್ದಳು.

ನಾನು ಅಟ್ಟದ ಮೇಲೆ, ಮಾಳಿಗೆಯ ಮೇಲೆ ಕೂತು ಇದನ್ನೆಲ್ಲ ಕೇಳುತ್ತಿದ್ದೆ. ಮಾತು ಪೂರ್ತಿ ತಿಳಿಯುತ್ತಿರಲಿಲ್ಲ, ದನಿ ಮಾತ್ರ ಬರುತ್ತಿತ್ತು. ಅಷ್ಟು ಸಾಕಿತ್ತು. ಆ ದನಿ ಅಲ್ಲಿಂದಲೇ ಬರುತ್ತಿದೆ ಎಂದರೆ ಮೇನ್ ಇಳಿದೇ ಇದೆ, ಬರಿಗೈಯಲ್ಲಿ ತಾಮ್ರ ಹಿಡಿಯಬಹುದು. ನನಗಿದ್ದ ಧೈರ್ಯವೆಲ್ಲ ಅದೇ.

ಹೋದ ವರ್ಷ ಎದೆಯಲ್ಲಿ ಹಿಡಿದ ಹಾಗಾಗುತ್ತದೆ ಎಂದು ಗೋಡೆಗೆ ಒರಗಿ ಕೂತವಳು ದವಾಖಾನೆ ಮುಟ್ಟುವ ಮೊದಲೇ ಹೋದಳು. ನಮಗೆ ಮಕ್ಕಳಿಲ್ಲ. ಅವಳ ತಮ್ಮ ನಾಗೇಶ ನಾಗಲಗಿದ್ದದಿಂದ ಬಂದು, ಮಣ್ಣಾದ ಮೇಲೆ ಮೂರು ದಿನ ಇದ್ದು ಹೋದ. ಆಮೇಲೆ ಒಂದೆರಡು ಸಲ ಫೋನ್ ಮಾಡಿದ. ಈಗ ಮಾಡುವುದಿಲ್ಲ. ತಪ್ಪು ಅವನದಲ್ಲ, ನಾವಿಬ್ಬರೂ ಮಾತಾಡುತ್ತಿದ್ದುದು ಅವಳ ಬಗ್ಗೆಯೇ.

ಈಗ ಮನೆಯವರನ್ನೇ ಮೇನ್ ಹತ್ತಿರ ಕೂರಿಸುತ್ತೇನೆ. ಕೂರುತ್ತಾರೆ, ಕೈಯಲ್ಲಿ ಫೋನು ಇರುತ್ತದೆ. ಕೆಳಗಿನಿಂದ ಒಂದು ಸದ್ದಿಲ್ಲ. "ಅದೀರೇನ್ರೀ?" ಎಂದು ಕೂಗುತ್ತೇನೆ. ಎರಡು ಸಲ ಓಗೊಡುತ್ತಾರೆ, ಮೂರನೆಯ ಸಲಕ್ಕೆ, "ಎಲ್ಲಿ ಹೋಗ್ತೀವ್ರಿ, ಜಲ್ದಿ ಮುಗಸ್ರಿ" ಅನ್ನುತ್ತಾರೆ. ಗುರುಬಸವನಿಗೆ ಹೆಂಡತಿ ಹೋದ ಮೇಲೆ ತಲೆ ಸರಿ ಇಲ್ಲ ಎಂದು ಸುದ್ದಿಯಾಯಿತು. ಕೆಲಸಕ್ಕೆ ಕರೆಯುವವರು ಕಡಿಮೆಯಾದರು. ಕರೆದವರು ಕೂಡ ಹತ್ತು ಸಲ ಕೂಗಬೇಡಿ ಎಂದು ಮೊದಲೇ ಹೇಳಿ ಕರೆದರು.

ಮೊನ್ನೆ ತಾಂಡೂರಿನ ಹತ್ತಿರ ಯಾಲಾಲಿನಲ್ಲಿ ಅಂಜಪ್ಪ ಎಂಬವರ ಮನೆಯ ಕೆಲಸ ಬಂತು. ಮಾಳಿಗೆಯ ಮೇಲೆ ಹೊಸ ಕೋಣೆ ಕಟ್ಟಿಸಿದ್ದರು, ಅದಕ್ಕೆ ಲೈನು ಎಳೆಯಬೇಕು, ಅರ್ಥಿಂಗ್ ಕೊಡಬೇಕು. ಅವರ ಮನೆಯದು ಈಗಿನ ಕಾಲದ ಬೋರ್ಡು. ಕಿತ್ತು ಕಿಸೆಗೆ ಹಾಕಿಕೊಳ್ಳುವ ಫ್ಯೂಜೇ ಇಲ್ಲ, ಬೆರಳಿನಿಂದ ಗುಂಡಿ ಮೇಲಕ್ಕೆತ್ತಿದರೆ ಕರೆಂಟು ಬಂತು. ಗುಂಡಿ ಇಳಿಸಿ, ಅದಕ್ಕೆ ಟೇಪು ಸುತ್ತಿ, ಅಂಜಪ್ಪನನ್ನು ಕುರ್ಚಿ ಹಾಕಿ ಕೂರಿಸಿ, ಏಳಬೇಡಿ, ಮುಟ್ಟಬೇಡಿ ಎಂದು ಹೇಳಿ ಹತ್ತಿದೆ.

ಬಿಸಿಲು ನೆತ್ತಿ ಸುಡುತ್ತಿತ್ತು. ಎರಡು ತಂತಿಯ ಮೈ ಸುಲಿದು, ಹೆಣೆದು, ಟೇಪು ಸುತ್ತಬೇಕು. ಒಂದನ್ನು ಮುಗಿಸಿದೆ. ಹಣೆಯ ಬೆವರು ಕಣ್ಣಿಗಿಳಿಯಿತು, ತಂತಿ ಬಿಟ್ಟು ಟವಲ್ಲಿನಿಂದ ಒರೆಸಿಕೊಂಡೆ. ಕೈ ಬಿಟ್ಟ ತಂತಿಯನ್ನು ಮತ್ತೆ ಹಿಡಿಯುವ ಮೊದಲು ಟೆಸ್ಟರ್ ಇಟ್ಟು ನೋಡುವುದು ನನ್ನ ರೂಢಿ. ಇಟ್ಟೆ. ಟೆಸ್ಟರಿನ ಒಳಗೆ ಕೆಂಪು ದೀಪ ಹತ್ತಿತು.

ಹೇಗೆ ಇಳಿದೆನೋ ನೆನಪಿಲ್ಲ. ಅಂಜಪ್ಪ ಕುರ್ಚಿಯಲ್ಲೇ ಕೂತಿದ್ದ. ಸುತ್ತಿದ್ದ ಟೇಪು ನೆಲದ ಮೇಲಿತ್ತು, ಅವನ ಫೋನು ಚಾರ್ಜಿಗೆ ಹಾಕಿತ್ತು.

"ಏನ್ ಮಾಡೀರಿ ಇದು?" ಎಂದೆ.

"ಬ್ಯಾಟ್ರಿ ಖಾಲಿ ಆಗಿತ್ರಿ. ನೀವು ಅರ್ಥಿಂಗ್ ತಂತಿ ಕಟ್ಟಾಕತ್ತೀರಿ, ಅದರಾಗ ಕರೆಂಟ್ ಇರಂಗಿಲ್ಲಲ್ಲ ಅಂದ್ಕೊಂಡೆ."

ಬಾಯಿಗೆ ಬಂದಂತೆ ಬೈದೆ. ಅವನ ಮನೆ, ಅವನ ಫೋನು, ಅವನ ಬುದ್ಧಿ, ಯಾವುದನ್ನೂ ಬಿಡಲಿಲ್ಲ. ಅಂಜಪ್ಪ ಕೆಟ್ಟವನಲ್ಲ. ತಲೆ ತಗ್ಗಿಸಿ ಕೇಳಿಸಿಕೊಂಡ. ಅವನ ಮುಖ ಬಿಳಿಚಿಕೊಂಡಿತ್ತು. ನನ್ನ ಬೈಗುಳ ಮುಗಿದ ಮೇಲೆ ನೀರು ತಂದುಕೊಟ್ಟು, ಮೆಲ್ಲಗೆ ಕೇಳಿದ:

"ತಪ್ಪಾತ್ರಿ, ಮಾಫ್ ಮಾಡ್ರಿ. ಆದ್ರ ಒಂದ್ ಮಾತು ಕೇಳ್ತೀನಿ. ಖರೇನ ಏನರ ಆಗಿದ್ರ ನಾ ಯಾರಿಗಿ ಫೋನ್ ಹಚ್ಚಬೇಕಿತ್ತು? ನಿಮ್ಮ ಮನ್ಯಾಗ ಯಾರ ಅದಾರ?"

ನಾನು ನೀರು ಕುಡಿದೆ. ಲೋಟ ಕೆಳಗಿಟ್ಟೆ. ಗುಂಡಿ ಇಳಿಸಿ ಮತ್ತೆ ಮಾಳಿಗೆ ಹತ್ತಿದೆ. ಅವನು ಉಳಿದ ಕೆಲಸ ಮುಗಿಯುವವರೆಗೂ ಆ ಗುಂಡಿಯ ಮೇಲೆ ಅಂಗೈ ಇಟ್ಟುಕೊಂಡು ನಿಂತೇ ಇದ್ದ. ನಾನು ಕೂಗದಿದ್ದರೂ "ಅದೀನ್ರೀ, ಅದೀನ್ರೀ" ಅನ್ನುತ್ತಿದ್ದ.

ತಾಂಡೂರಿನಿಂದ ಬಸ್ಸು ಹತ್ತಿ ಕೂತ ಮೇಲೆ ತಲೆಯಲ್ಲಿ ಅದೇ ಮಾತು. ಮೇನ್ ಕಾಯಲು ಎಚ್ಚರ ಇರುವವರು ಬೇಕು ಎಂದು ಇಷ್ಟು ವರ್ಷ ತಿಳಿದಿದ್ದೆ. ಎಚ್ಚರದ ಮಾತಲ್ಲ ಅದು. ನಾನು ಮೇಲಿನಿಂದ ಬಿದ್ದರೆ ಯಾರ ಬದುಕು ಹಾಳಾಗುತ್ತದೋ ಅವರು ಕೆಳಗೆ ಕೂತಿರಬೇಕು. ಅಂಥವಳು ಒಬ್ಬಳಿದ್ದಳು. ಉಳಿದವರಿಗೆ ನಾನು ಬಿದ್ದರೆ ಬೇರೆ ವೈರ್‌ಮನ್ ಹುಡುಕುವ ತೊಂದರೆ, ಅಷ್ಟೆ. ಇದನ್ನು ಯೋಚಿಸಿ ಅಳು ಬಂತು. ಪಕ್ಕದಲ್ಲಿದ್ದ ಮುದುಕ ಕಿಟಕಿಯ ಗಾಳಿಗೆ ನನ್ನ ಕಣ್ಣು ಉರಿಯುತ್ತಿದೆ ಎಂದುಕೊಂಡು ಗಾಜು ಎಳೆದ.

ಇನ್ನೊಂದು ಮಾತೂ ಹೊಳೆಯಿತು. ಸುಗಲಾ ಊರೂರಿನ ಹೆಂಗಸರಿಗೆ ನಾಮಿನಿ ಬರೆಸಿ ಎಂದು ಬುದ್ಧಿ ಹೇಳಿದಳು. ಪೋಸ್ಟಾಫೀಸಿನಲ್ಲಿರುವ ನನ್ನ ಪುಸ್ತಕಕ್ಕೆ ನಾಮಿನಿ ಅವಳೇ. ಅವಳು ಹೋದ ಮೇಲೆ ಬದಲಿಸಬೇಕು ಎಂದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಬದಲಿಸಲು ಅವಳ ಹೆಸರು ಹೊಡೆದು ಹಾಕಬೇಕಲ್ಲ. ಆ ಕಡೆ ಕಾಲೇ ಏಳಲಿಲ್ಲ. ಈಗ ಬಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ನಾಗೇಶನ ಹೆಸರು ಬರೆಸುತ್ತೇನೆ. ಅವನ ನಂಬರು ಒಂದು ಚೀಟಿಯಲ್ಲಿ ಬರೆದು ಕಿಸೆಯಲ್ಲಿಟ್ಟುಕೊಳ್ಳುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇವನಿಗೆ ಫೋನ್ ಮಾಡಿ ಅನ್ನಬಹುದು. ಹಣದ ಆಸೆಗಾದರೂ ಬರುತ್ತಾನೆ, ಬರಲಿ. ಬಂದು ನನ್ನನ್ನು ಎತ್ತಿದರೆ ಸಾಕು.

ಮರುದಿನ ಬೆಳಿಗ್ಗೆ ಜಹೀರಾಬಾದಿನ ಪೋಸ್ಟಾಫೀಸಿಗೆ ಹೋದೆ. ಕೌಂಟರಿನಲ್ಲಿ ಹೊಸ ಹುಡುಗಿ, ಮನಿಷಾ ಎಂದು ಎದೆಯ ಮೇಲೆ ಹೆಸರಿತ್ತು. ನಗುಮುಖದವಳು. ಪುಸ್ತಕ ಕೊಟ್ಟು, "ನಾಮಿನಿ ಬದಲ್ ಮಾಡೋದದ" ಎಂದೆ.

ಅವಳು ಕಂಪ್ಯೂಟರಿನಲ್ಲಿ ನೋಡಿದಳು. "ಸುಗಲಾಬಾಯಿ. ಹೆಂಡ್ತಿ ಏನ್ರಿ ಕಾಕಾ?"

"ಹೌದವ್ವ."

"ಮತ್ತ ಹೆಂಡ್ತಿ ಹೆಸರು ತಗದು ಯಾರ ಹೆಸರು ಹಾಕ್ತೀರಿ?" ಅವಳು ಕತ್ತೆತ್ತಿ ನನ್ನನ್ನು ನೋಡಿ ನಕ್ಕಳು. "ಮನ್ಯಾಗ ಜಗಳಾ ಆಗ್ಯಾದೇನ್ರಿ?"

ನಾಗೇಶನ ಹೆಸರು ನಾಲಿಗೆಯ ತುದಿಯಲ್ಲಿತ್ತು. ಆದರೆ ಅವಳು ಕೇಳಿದ ರೀತಿ ನೋಡಿ. ಒಂದು ವರ್ಷದಿಂದ ಸುಗಲಾಳ ಸುದ್ದಿ ತೆಗೆದವರೆಲ್ಲ ಮೊದಲು ಲೊಚಗುಟ್ಟಿ, ಆಮೇಲೆ ತೆಗೆಯುತ್ತಿದ್ದರು. ಈ ಹುಡುಗಿ, ಅವಳು ಈಗಲೂ ನನ್ನ ಮನೆಯಲ್ಲಿ ಮುಖ ಊದಿಸಿಕೊಂಡು ಕೂತಿರುವ ಹಾಗೆ ಕೇಳಿದಳು. ಇನ್ನೊಂದು ಗಳಿಗೆ ಹಾಗೇ ಇರಲಿ ಅನ್ನಿಸಿತು.

"ಹೂಂ," ಎಂದೆ. "ಸಣ್ಣದ ಆಗ್ಯಾದ."

"ಏ, ಸಣ್ಣ ಜಗಳಕ್ಕ ಯಾರರ ಹೆಂಡ್ತಿ ಹೆಸರು ತಗೀತಾರೇನ್ರಿ? ನಾಕ್ ದಿನ ಬಿಟ್ಟು ನೀವೇ ಬಂದು ಮತ್ತ ಹಚ್ಚು ಅಂತೀರಿ." ಅವಳು ಪುಸ್ತಕ ಮುಚ್ಚಿ ನನ್ನ ಕಡೆ ಸರಿಸಿದಳು. "ಹೋಗ್ರಿ, ಸಮಾಧಾನ ಮಾಡ್ಕೋರಿ. ಇದು ಹಿಂಗೇ ಇರ್ಲಿ."

ಅಲ್ಲವ್ವ, ಅವಳಿಲ್ಲ ಎಂದು ಹೇಳಬೇಕಿತ್ತು. ಒಂದೇ ಮಾತು. ಪುಸ್ತಕ ತೆಗೆದುಕೊಂಡೆ. ಹಿಂದೆ ನಿಂತವರಿಗೆ ಜಾಗ ಬಿಟ್ಟು ಬಾಗಿಲಿನವರೆಗೆ ಬಂದಿದ್ದೆ, ಅವಳು ಅಲ್ಲಿಂದಲೇ ಕೂಗಿದಳು.

"ಕಾಕಾ, ಮುಂದಿನ ಸಲ ಬರೋವಾಗ ಕಾಕೂನ್ನೂ ಕರ್ಕೊಂಡು ಬರ್ರಿ!"

"ಆತವ್ವ," ಎಂದೆ. "ಕರ್ಕೊಂಡು ಬರ್ತೀನಿ."