ಮಂಜುಗಡ್ಡೆಯ ಮೇಲೆ ಹನ್ನೊಂದು ಮರಗಳು

ಊರಿನ ಪರಿಚಯ ಪುಸ್ತಿಕೆ ಬರೆದುಕೊಡಿ ಎಂದು ಡ್ವೈಟ್ ಪ್ರೌಟಿ ನನ್ನ ಬಾಗಿಲಿಗೆ ಬಂದಾಗ ನಾನು ಮರುಮಾತಿಲ್ಲದೆ ಒಪ್ಪಿಕೊಂಡೆ. ಅವನಿಗೇ ಗಾಬರಿಯಾಯಿತು. ಅವನು ಊರಿನ ಮುಖ್ಯಸ್ಥನಾದ ಮೇಲೆ ಅವನು ಹೇಳಿದ ಯಾವುದಕ್ಕೂ ನಾನು ಹೂಂ ಅಂದವಳಲ್ಲ. ನಾಲ್ಕನೇ ತರಗತಿಯಲ್ಲಿ ನನ್ನ ಹತ್ತಿರ ಓದಿದವನು. ಭೂಪಟದಲ್ಲಿ ನಮ್ಮ ಸರೋವರವನ್ನೇ ತೋರಿಸಲು ಬಾರದೆ ಪೆಚ್ಚಾಗಿ ನಿಂತಿದ್ದವನು.

“ಊರಿಗೆ ನೂರೈವತ್ತು ವರ್ಷ ತುಂಬ್ತಿದೆ ಟೀಚರ್. ಇತಿಹಾಸ, ಜನಸಂಖ್ಯೆ, ಜನ ಏನ್ ಮಾಡ್ತಾರೆ, ಮೀನು ಎಷ್ಟು ಸಿಗುತ್ತೆ, ಎಲ್ಲ ಒಂದ್ನಾಲ್ಕು ಪುಟದಲ್ಲಿ. ಚಳಿಗಾಲದ ಹಬ್ಬದ ಹೊತ್ತಿಗೆ ಬೇಕು. ಸ್ವಲ್ಪ ಸಿಹಿಯಾಗಿರಲಿ.”

“ಸಿಹಿ ಬೇಕಾದ್ರೆ ಮೇಪಲ್ ಪಾಕ ಕಾಸೋರನ್ನ ಕೇಳಪ್ಪ,” ಅಂದೆ.

ನಾನು ಒಪ್ಪಿದ್ದು ಒಂದೇ ಒಂದು ಸಾಲಿಗಾಗಿ. ಊರಿನ ನೂರನೇ ವರ್ಷಕ್ಕೆ ಅಚ್ಚಾದ ಹಳೆಯ ಪುಸ್ತಿಕೆಯಲ್ಲಿ ಹೀಗಿದೆ: ‘೧೯೫೮ರ ಫೆಬ್ರವರಿಯಲ್ಲಿ, ದಾರಿಮರ ನೆಡುವ ಓವಿಡ್ ಲಬಾರ್ಜ್‌ನ ಅಜಾಗರೂಕತೆಯಿಂದ ಮೂವರು ಸರೋವರದಲ್ಲಿ ಮುಳುಗಿ ಸತ್ತರು.’ ಓವಿಡ್ ಲಬಾರ್ಜ್ ನನ್ನ ಅಪ್ಪ. ಆ ಸಾಲನ್ನು ಅಳಿಸಿ ನಿಜ ಬರೆಯದೆ ಸಾಯಬಾರದು ಎಂದು ನಾನು ಕಾದು ಕೂತಿದ್ದೆ.

ಆಗೆಲ್ಲ ಕ್ರಿಸ್‌ಮಸ್ ಮುಗಿದ ಮರುವಾರ ಪ್ರತಿ ಮನೆಯವರೂ ತಮ್ಮ ಹಬ್ಬದ ಮರವನ್ನು ನಮ್ಮ ಅಂಗಳಕ್ಕೆ ತಂದು ಹಾಕುತ್ತಿದ್ದರು. ಅಪ್ಪ ಹೆಪ್ಪುಗಟ್ಟಿದ ಸರೋವರವನ್ನು ಕಬ್ಬಿಣದ ಹಾರೆಯಿಂದ ಹೆಜ್ಜೆಹೆಜ್ಜೆಗೂ ಕುಟ್ಟಿ ನೋಡಿ, ಮಂಜುಗಡ್ಡೆ ದಪ್ಪವಿದ್ದ ಕಡೆ ತೂತು ಕೊರೆದು, ಮರ ನಿಲ್ಲಿಸಿ ನೀರು ಹೊಯ್ಯುತ್ತಿದ್ದ. ಬೆಳಗಾಗುವಷ್ಟರಲ್ಲಿ ಅದು ಕಚ್ಚಿಕೊಂಡಿರುತ್ತಿತ್ತು. ಆಚೆ ದಡದ ರೈಲು ನಿಲ್ದಾಣದವರೆಗೆ ನಾಲ್ಕು ಮೈಲಿ ಮರದ ಸಾಲು. ಎಷ್ಟೇ ಹಿಮ ಸುರಿಯಲಿ, ಆ ಸಾಲು ಹಿಡಿದು ಕಾರು ಓಡಿಸಿದರೆ ಭಯವಿರಲಿಲ್ಲ. ಕೆಲವು ಮರಗಳಲ್ಲಿ ಹಬ್ಬದ ಬೆಳ್ಳಿ ಎಳೆಗಳು ಇನ್ನೂ ಅಂಟಿಕೊಂಡಿರುತ್ತಿದ್ದವು.

ನಮ್ಮ ದಡದ ಹತ್ತಿರ, ನೀರಿನಿಂದ ಮೇಲೆದ್ದ ಕರಿಬಂಡೆಯ ಈಚೆ ಹೊಳೆಯೊಂದು ಬಂದು ಸರೋವರ ಸೇರುತ್ತದೆ. ಅಡಿಯಲ್ಲಿ ನೀರು ಹರಿಯುವುದರಿಂದ ಅಲ್ಲಿ ಗಡ್ಡೆ ಯಾವತ್ತೂ ತೆಳು. ಅಪ್ಪನ ಸಾಲು ಬಂಡೆಯ ಆಚೆಯಿಂದ ಸುತ್ತಿಕೊಂಡು ಹೋಗುತ್ತಿತ್ತು. ಆ ವರ್ಷ ಅಂಚೆಯ ಕಾರು ಬಂಡೆಯ ಈಚೆ ಮುಳುಗಿತು. ಒಳಗೆ ಚಾಲಕ, ಮತ್ತು ಆಗಷ್ಟೇ ಮದುವೆಯಾಗಿ ಊರಿಗೆ ಬರುತ್ತಿದ್ದ ಗಂಡ ಹೆಂಡತಿ. ಜನ ಓಡಿ ಹೋಗಿ ನೋಡಿದರೆ ಮರಗಳು ಈಚೆಯೇ ನಿಂತಿದ್ದವು. ‘ನಾನು ಅಲ್ಲಿ ನೆಟ್ಟಿಲ್ಲ’ ಎಂದು ಅಪ್ಪ ಹೇಳಿದ. ಅವನು ಆಗಾಗ ಕುಡಿಯುವುದು ಎಲ್ಲರಿಗೂ ಗೊತ್ತಿತ್ತು. ಬೇರೆ ವಿಚಾರಣೆ ಯಾರಿಗೂ ಬೇಕಾಗಲಿಲ್ಲ.

ಮುಂದಿನ ಜನವರಿಯಲ್ಲಿ ನಮ್ಮ ಅಂಗಳಕ್ಕೆ ಒಂದು ಮರವೂ ಬರಲಿಲ್ಲ. ಅಪ್ಪ ಎರಡು ವಾರ ಕಿಟಕಿಯ ಹತ್ತಿರ ಕೂತು ಕಾದ. ಆಮೇಲೆ ಇಪ್ಪತ್ತು ವರ್ಷ ಮರ ಕೊಯ್ಯುವ ಮಿಲ್ಲಿನಲ್ಲಿ ದುಡಿದ. ಸಾಯುವವರೆಗೂ ಗಡ್ಡೆಯ ಮೇಲೆ ಕಾಲಿಡಲಿಲ್ಲ. ನಾನು ಇದೇ ಊರಿನ ಮಕ್ಕಳಿಗೆ ಮೂವತ್ತೆಂಟು ವರ್ಷ ಪಾಠ ಹೇಳಿದೆ. ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಊರನ್ನು ಮಾತ್ರ ಕ್ಷಮಿಸಿಲ್ಲ.

ಆ ದಿನಗಳನ್ನು ಕಂಡವರಲ್ಲಿ ಉಳಿದವಳು ಹೇಜಲ್ ಒಬ್ಬಳೇ. ಆಗ ಅವಳು ಡ್ವೈಟನ ತಾತ ಹಾರ್ಲನ್ ಪ್ರೌಟಿಯ ಹೋಟೆಲಿನಲ್ಲಿ ಅಡುಗೆ ಕೆಲಸಕ್ಕಿದ್ದಳು. ಹೋಟೆಲು ಇರುವುದು ಬಂಡೆಯ ಈಚೆ, ಹೊಳೆಯ ಬಾಯಿಗೆ ಎದುರಾಗಿ. ಈಗ ಎಂಬತ್ತೆಂಟು ವರ್ಷ ಅವಳಿಗೆ, ವೃದ್ಧಾಶ್ರಮದಲ್ಲಿದ್ದಾಳೆ. ಅವಳಿಗೆ ಇಷ್ಟವಾದ ಸೇಬಿನ ಡೋನಟ್ ಒಯ್ದು ಎದುರಿಗೆ ಕೂತೆ.

“ಆ ದಾರಿಮರಗಳ ವಿಷಯ ನಿಂಗೇನಾದ್ರೂ ಗೊತ್ತಾ ಹೇಜಲ್?”

ಅವಳು ಮಡಿಲಿನ ಸಕ್ಕರೆ ಪುಡಿ ಕೊಡವಿದಳು. “ಕೇಳೋಕೆ ಅರವತ್ತಾರು ವರ್ಷ ಬೇಕಾಯ್ತೇನೆ ಲುಸೆಟ್ ನಿಂಗೆ?”

“ಹೇಳೋಕೆ ನಿಂಗೂ ಅಷ್ಟೇ ಬೇಕಾಯ್ತಲ್ಲ.”

“ಹಾರ್ಲನ್ ಕಿತ್ತ ಕಣೇ. ಬೆಳಿಗ್ಗೆ ಮುಸುರೆ ಚೆಲ್ಲೋಕೆ ಬಂದವಳು ನೋಡ್ದೆ. ಬುಡ ಕಡಿದು ಕುದುರೆ ಕಟ್ಟಿ ಎಳೀತಿದ್ದ. ಹನ್ನೊಂದು ಮರ, ಎಲ್ಲಾನೂ ತಂದು ಬಂಡೆ ಈಚೆ ನಿಲ್ಲಿಸ್ದ. ದಾರಿ ಹೋಟೆಲ್ ಮುಂದೇನೇ ಹಾದ್ರೆ ಜನ ಇಳಿದು ಸೂಪು ಕುಡೀತಾರೆ, ಬಿಯರ್ ಕುಡೀತಾರೆ ಅಂತ. ಒಂದು ವಾರ ಚೆನ್ನಾಗೇ ಕುಡಿದ್ರು.”

“ಬಾಯಿ ಯಾಕೆ ಬಿಡಲಿಲ್ಲ?”

“ಹೊಟ್ಟೆಪಾಡು. ಆಮೇಲೆ ಅವನ ತಮ್ಮನ್ನೇ ಕಟ್ಕೊಂಡೆ. ಇನ್ನೇನಂತ ಹೇಳ್ಲಿ? ನಿಮ್ಮಪ್ಪ ಮಿಲ್ಲಿಂದ ಬರೋದು ಕಂಡ್ರೆ ರಸ್ತೆ ದಾಟಿ ಆ ಕಡೆ ಹೋಗ್ತಿದ್ದೆ. ಪಾಪ, ನಾನೂ ಅವನನ್ನ ಶಪಿಸ್ತಿದೀನಿ ಅಂದ್ಕೊಂಡಿರ್ತಾನೆ.”

ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಬಾರಿಸಲಿಲ್ಲ, ಕಾಗದ, ಪೆನ್ನು ಮುಂದಿಟ್ಟೆ. ಅವಳು ಹೇಳಿದ್ದನ್ನೆಲ್ಲ ತಾನೇ ಬರೆದು ರುಜು ಹಾಕಿದಳು. ಮನೆಗೆ ಬಂದು ಪುಸ್ತಿಕೆ ಮುಗಿಸಿದೆ. ೧೯೫೮ರ ಜಾಗದಲ್ಲಿ ಸತ್ತ ಮೂವರ ಹೆಸರು ಬರೆದೆ, ಮರ ಕಿತ್ತವನ ಹೆಸರು ಬರೆದೆ, ಕೀಳದವನ ಹೆಸರನ್ನೂ ಬರೆದೆ. ಹೇಜಲಳ ಕಾಗದದ ನಕಲು ಜೊತೆಗಿಟ್ಟು ಡ್ವೈಟನಿಗೆ ಕೊಟ್ಟೆ. ಅವತ್ತು ಅಪ್ಪನ ಸಮಾಧಿಯ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಂತಿದ್ದು ಬಂದೆ. ಬಹಳ ವರ್ಷಗಳ ಮೇಲೆ ಮನಸ್ಸು ಹಗುರವಾಗಿತ್ತು.

ಹಬ್ಬದ ದಿನ ಬೆಳಿಗ್ಗೆ ಡ್ವೈಟ್ ತಾನೇ ಬಂದು ಅಚ್ಚಾದ ಪುಸ್ತಿಕೆ ಕೈಯಲ್ಲಿಟ್ಟ.

“ನಿಮ್ಮಪ್ಪನ ಮೇಲಿದ್ದ ಆ ಸಾಲು ತೆಗೆದುಬಿಟ್ಟಿದೀನಿ ಟೀಚರ್. ಖುಷಿನಾ?”

ಪುಟ ತಿರುಗಿಸಿದೆ. ೧೯೫೧ರಲ್ಲಿ ಶಾಲೆಯ ಹೊಸ ಕಟ್ಟಡ; ಅದಾದ ಮೇಲೆ ನೇರವಾಗಿ ೧೯೬೩, ಡಾಂಬರು ರಸ್ತೆ.

“ಸತ್ತ ಮೂರು ಜನ ಎಲ್ಲೋ?”

“ಅದನ್ನೆಲ್ಲ ಹಾಕಿದ್ರೆ ಯಾರು ಬರ್ತಾರೆ ಇಲ್ಲಿ ಮನೆ ಕೊಳ್ಳೋಕೆ? ನಿಮ್ಮ ಕಡೇದೂ ಬೇಡ, ನಮ್ಮ ಕಡೇದೂ ಬೇಡ. ಸಮ ಆಯ್ತಲ್ಲ.”

ಸಮವಂತೆ. ಅಪ್ಪ ಇಪ್ಪತ್ತು ವರ್ಷ ತಲೆ ತಗ್ಗಿಸಿ ಇದೇ ಬೀದಿಯಲ್ಲಿ ನಡೆದದ್ದಕ್ಕೂ, ಹಾರ್ಲನ್ ಪ್ರೌಟಿಯ ಹೆಸರನ್ನು ಇದೇ ಊರಿನ ಉದ್ಯಾನಕ್ಕೆ ಇಟ್ಟಿರುವುದಕ್ಕೂ ಸಮ. ಮೂರನೇ ಪುಟದಲ್ಲಿ ಬಣ್ಣದ ಚಿತ್ರವಿತ್ತು: ‘ನಮ್ಮ ಹೆಮ್ಮೆಯ ಸಂಪ್ರದಾಯ, ಮಂಜಿನ ಮೇಲೆ ಮರಗಳ ಸಾಲು.’ ನೆಡುತ್ತಿದ್ದವನು ಯಾರೆಂದು ಎಲ್ಲೂ ಇರಲಿಲ್ಲ.

“ಇವತ್ತಿನ ಹಬ್ಬಕ್ಕೂ ನೆಡಿಸಿದೀವಿ. ದೀಪದ ಸರ ಬೇರೆ,” ಎಂದ ಡ್ವೈಟ್. “ನಮ್ಮ ಹೋಟೆಲ್ ಮುಂದೇನೇ. ಫೋಟೋ ಚೆನ್ನಾಗಿ ಬರುತ್ತೆ.”

“ಅಲ್ಲಿ ಹೊಳೆ ಸೇರುತ್ತೆ ಕಣೋ ದಡ್ಡ!”

“ಈಗ ಯಾರೂ ಕಾರು ಓಡಿಸಲ್ಲ ಬಿಡಿ. ಒಂದಷ್ಟು ಸ್ನೋಮೊಬೈಲು ಗಾಡಿ, ನಡೆಯೋ ಜನ, ಅಷ್ಟೇ. ನೀವು ಸುಮ್ನೆ ಬಂದು ಬಿಸಿ ಚಾಕ್ಲೇಟ್ ಕುಡೀರಿ.”

ಅವನು ಹೋದ ಮೇಲೆ ಕೊಟ್ಟಿಗೆಯಿಂದ ಅಪ್ಪನ ಹಾರೆ ತೆಗೆದೆ. ಎಪ್ಪತ್ತೈದು ವರ್ಷದ ಕೈಗೆ ಅದು ಭಾರವೇ. ಬಂಡೆಯ ಈಚೆ, ಮೂರನೇ ಮರದ ಹತ್ತಿರ ಎರಡು ಸಲ ಕುಟ್ಟಿದೆ. ಎರಡನೇ ಏಟಿಗೇ ನೀರು ಮೇಲೆ ಬಂತು. ಅಲ್ಲೇ ನಿಲ್ಲಲು ಭಯವಾಯಿತು, ಆದರೂ ನಿಂತೆ. ನೆಟ್ಟವರಿಗೆ ನೀರು ಹೊಯ್ಯುವುದೂ ಗೊತ್ತಿರಲಿಲ್ಲ. ಮರಗಳು ಬರೀ ಹಿಮದಲ್ಲಿ ಸಿಕ್ಕಿಸಿದ್ದವು. ಒಂದೊಂದನ್ನೇ ಕಿತ್ತು, ದೀಪದ ಸರದ ಸಮೇತ ಎಳೆದುಕೊಂಡು, ಅಪ್ಪ ನೆಡುತ್ತಿದ್ದ ಜಾಗಕ್ಕೆ, ಬಂಡೆಯ ಆಚೆಗೆ ಒಯ್ದೆ. ಸಂಜೆಯಾಗುವುದರೊಳಗೆ ಹನ್ನೊಂದು ಮರ ಮುಗಿದವು. ಅಷ್ಟರಲ್ಲಿ ದಡದ ಮೇಲೆ ಜನ ಸೇರಿದ್ದರು, ಎಲ್ಲರೂ ಫೋನು ಎತ್ತಿ ಹಿಡಿದಿದ್ದರು.

“ಏನ್ ಟೀಚರ್ ಇದು! ಎಷ್ಟು ಕಷ್ಟಪಟ್ಟು ನಿಲ್ಲಿಸಿದ್ವಿ!” ಡ್ವೈಟನ ಮುಖ ಕೆಂಪಾಗಿತ್ತು.

“ಲಬಾರ್ಜ್ ಮಗಳಲ್ವಾ,” ಎಂದರು ಹಿಂದಿನಿಂದ ಯಾರೋ. ಕೆಲವರು ನಕ್ಕರು.

ಕತ್ತಲಾಗುವುದರಲ್ಲಿದ್ದುದರಿಂದ ಮರಗಳನ್ನು ವಾಪಸ್ಸು ತರುವ ಉಸಾಬರಿಗೆ ಯಾರೂ ಹೋಗಲಿಲ್ಲ. ಪ್ರವಾಸಿಗರು ಬಂಡೆಯ ಆಚೆಯಿಂದಲೇ ಸುತ್ತಿ ಹೋದರು, ಫೋಟೋದಲ್ಲಿ ಹೋಟೆಲು ಕಾಣುವುದಿಲ್ಲ ಎಂದು ಗೊಣಗುತ್ತಾ.

ಮರುವಾರ ಊರಸಭೆಯ ನಡಾವಳಿ ಪುಸ್ತಕದಲ್ಲಿ ಬರೆದರು: ‘ಲುಸೆಟ್ ಲಬಾರ್ಜ್ ಎಂಬುವರು ದಾರಿಮರಗಳನ್ನು ಕಿತ್ತು ಹಬ್ಬ ಕೆಡಿಸಿದರು.’ ನಾನು ಹೋಗಿ ಓದಿ ಬಂದೆ. ಮರ ಕಿತ್ತವರ ಹೆಸರು ಕೊನೆಗೂ ಈ ಊರಿನ ದಾಖಲೆ ಸೇರಿತು, ಅದೂ ನಿಜವಾದ ಹೆಸರು. ನನ್ನ ಪರವಾಗಿ ಹೇಳಲು ಮಾತ್ರ ಯಾವ ಸಾಕ್ಷಿಯೂ ಇಲ್ಲ, ಯಾಕೆಂದರೆ ಆ ದಿನ ಯಾರೂ ಮುಳುಗಲಿಲ್ಲ.